ಏಳು ಸಲ ಸೋಸಿದ ಕರೆಂಟು

ಘಟಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಅಡವಯ್ಯಜ್ಜಾರು ಇದ್ದರು.

ಮಠಕ್ಕೆ ಬರುವ ಮೊದಲು ಅವರು ಮೂವತ್ತು ವರ್ಷ ರೇಡಿಯೋ ಕೇಂದ್ರವೊಂದರಲ್ಲಿ ಯಂತ್ರ ನೋಡಿಕೊಂಡಿದ್ದವರು. ಹಾಗಾಗಿ ಅವರ ಹತ್ತಿರ ಮೋಕ್ಷ ಕೇಳಿಕೊಂಡು ಬರುವವರು ಕಡಿಮೆ, ಕೆಟ್ಟ ಆಂಪ್ಲಿಫೈಯರ್ ಹೊತ್ತುಕೊಂಡು ಬರುವವರೇ ಹೆಚ್ಚು. ಅಜ್ಜಾರು ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಮಾತಾಡಿಸುತ್ತಿದ್ದರು.

ಕಲ್ಮೇಶ ಬಂದದ್ದು ಒಂದು ತಗಡಿನ ಡಬ್ಬಿ ಹೊತ್ತುಕೊಂಡು. ನೂಲಿನ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್, ನಲವತ್ತು ದಾಟಿದವನು, ಒಂದು ತಿಂಗಳ ರಜೆ ಹಾಕಿ ಬಂದಿದ್ದ.

ಡಬ್ಬಿಯೊಳಗೆ ಅವನೇ ಕೈಯಾರೆ ಕಟ್ಟಿದ ಕಂಪ್ಯೂಟರ್ ಇತ್ತು. ಅದಕ್ಕೆ ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಫೋನಿನಲ್ಲಿ ಒತ್ತಿದರೆ ಜೊತೆಗಿನ ಎರಡು ಸ್ಪೀಕರಿನಲ್ಲಿ ಹಾಡಬೇಕು, ಅಷ್ಟೇ ಅದರ ಕೆಲಸ.

ಒಳಗೆ ಮಾಹಿತಿ ಕೂಡಿಡುವ, ಹೆಬ್ಬೆರಳಿನಷ್ಟೇ ಅಗಲದ ಎರಡು ಫ್ಲ್ಯಾಶ್ ಮಾಡ್ಯೂಲುಗಳಿದ್ದವು. ಒಂದರಲ್ಲಿ ಯಂತ್ರ ನಡೆಸುವ ಪ್ರೋಗ್ರಾಂ. ಇನ್ನೊಂದರಲ್ಲಿ ಹಾಡು.

ಹಾಡು ಅಂದರೆ ಒಂದೇ. ಇಪ್ಪತ್ತೆರಡು ನಿಮಿಷದ ಹಾರ್ಮೋನಿಯಂ.

ಬಾರಿಸಿದವರು ಕಲ್ಮೇಶನ ತಂದೆ ಯಮನಪ್ಪ ಮಾಸ್ತರರು. ನಾಟಕ ಕಂಪನಿಯಲ್ಲಿ ಪೆಟ್ಟಿಗೆ ಮಾಸ್ತರರಾಗಿದ್ದವರು. ಪರದೆ ಏಳುವ ಮುಂಚೆ ಅವರು ಪೆಟ್ಟಿಗೆ ಹಿಡಿದರೆ ಸೋಡಾ ಮಾರುವವನೂ ಬಾಟಲಿ ಕೆಳಗಿಡುತ್ತಿದ್ದನಂತೆ. ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಅವರದೊಂದು ಕ್ಯಾಸೆಟ್ಟು ಕಂಪನಿಯ ಹಳೇ ತಬಲಾದವರ ಟ್ರಂಕಿನಲ್ಲಿ ಹೋದ ವರ್ಷ ಸಿಕ್ಕಿತು. ಬೂಷ್ಟು ಹಿಡಿದಿತ್ತು. ಕಲ್ಮೇಶ ಒಮ್ಮೆ ಓಡಿಸಿ ಅದನ್ನು ಮಾಡ್ಯೂಲಿಗೆ ಇಳಿಸಿಕೊಂಡ. ಎರಡನೇ ಸಲ ಓಡಿಸಲು ಹೋದಾಗ ಟೇಪು ತುಂಡುತುಂಡಾಯಿತು.

ಇಷ್ಟಾದರೂ ಅವನು ಅದನ್ನು ತಾಯಿಗೆ ಕೇಳಿಸಿರಲಿಲ್ಲ.

“ಯಾಕೋ ತಮ್ಮಾ?” ಅಂತ ಅಜ್ಜಾರು ಕೇಳಿದರು.

“ಕೇಳಿಸಿದ್ರ ಸರಿಯಾಗಿ ಕೇಳಿಸಬೇಕ್ರಿ ಅಜ್ಜಾರ. ಅಪ್ಪ ಎದುರಿಗೆ ಕೂತಾನ ಅನ್ನಬೇಕು ನಮ್ಮವ್ವ. ಈಗ ಕೇಳಿದ್ರ ನಡುವ ಏನೋ ಮಸುಕು ಐತಿ.”

“ಮಸುಕು ಎಲ್ಲಿಂದ ಬರತೈತಿ?”

“ಕರೆಂಟಿನಿಂದ್ರಿ.”

ಕಲ್ಮೇಶ ಚಾಪೆಯ ಮೇಲೆ ಮುಂದಕ್ಕೆ ಸರಿದು ಕೂತ. ಈ ವಿಷಯ ಬಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ.

“ಪ್ರೊಸೆಸರ್, ಫ್ಯಾನು, ಎಲ್ಲಾ ಒಂದ ಸಪ್ಲೈದಾಗ ಕುಡೀತಾವ್ರಿ. ಫ್ಯಾನು ತಿರುಗಿದ ಹೊಲಸು ಅಷ್ಟೂ ಮಾಡ್ಯೂಲಿಗೆ ಬರತೈತಿ. ಅದಕ್ಕ ಮಾಡ್ಯೂಲಿಗೆ ಬ್ಯಾರೇನ ಕರೆಂಟು ಕೊಡಬೇಕಂತ ಮಾಡೀನಿ. ಬ್ಯಾರೆ ಟ್ರಾನ್ಸ್‌ಫಾರ್ಮರ್, ಬ್ಯಾರೆ ರೆಗ್ಯುಲೇಟರ್. ಸೋಸಿ ಸೋಸಿ ಕೊಡಬೇಕು.”

ಅಜ್ಜಾರು ಡಬ್ಬಿಯ ಮುಚ್ಚಳ ತೆಗೆದರು. ಹಾಡಿನ ಮಾಡ್ಯೂಲಿನ ಮೇಲೆ ಬೆರಳಿಟ್ಟರು. ಸ್ವಲ್ಪ ಬೆಚ್ಚಗಿತ್ತು. ಪಕ್ಕದಲ್ಲಿ ಕಲ್ಮೇಶ ಆಗಲೇ ಕೂಡಿಸಿದ್ದ ಮೊದಲನೆಯ ಫಿಲ್ಟರನ್ನೂ ನೋಡಿದರು.

“ಸಾಕು,” ಅಂದರು. ಎದ್ದು ಹೊಳೆಯ ಕಡೆ ಹೋದರು.

ಕಲ್ಮೇಶನಿಗೆ ಬೇಜಾರಾಯಿತು. ಇಷ್ಟಕ್ಕೇ ಸಾಕಂತೆ. ಜೀವಮಾನವೆಲ್ಲ ರೇಡಿಯೋದ ಗರಗರ ಕೇಳಿದ ಕಿವಿ, ಅದಕ್ಕೇನು ಗೊತ್ತಾಗಬೇಕು ಅಂದುಕೊಂಡ. ಬಾಯಿ ಬಿಟ್ಟು ಹೇಳಲಿಲ್ಲ. ಅಷ್ಟು ಭಯಭಕ್ತಿ ಅವನಲ್ಲಿತ್ತು.

ಆದರೆ ನಿಲ್ಲಿಸಲೂ ಇಲ್ಲ.

ಎರಡನೆಯ ಫಿಲ್ಟರ್ ಹಾಕಿದ. ಕೇಳಿದ. ಮಸುಕು ಒಂದಿಷ್ಟು ಕಡಿಮೆಯಾದಂತೆ ಅನಿಸಿತು. ಮೂರನೆಯದು ಹಾಕಿದ. ನಾಲ್ಕನೆಯದಕ್ಕೆ ತಾಮ್ರದ ತಂತಿ ಸುತ್ತಿ ತಾನೇ ಚೋಕ್ ಮಾಡಿದ. ಐದನೆಯದರ ಹೊತ್ತಿಗೆ ಡಬ್ಬಿಯ ಹೊರಗೆ ಇನ್ನೊಂದು ಡಬ್ಬಿಯಾಯಿತು. ಆರನೆಯದಕ್ಕೆ ಕೂದಲೆಳೆಯಷ್ಟು ತೆಳುವಾದ ಬೆಳ್ಳಿ ತಂತಿ ತರಿಸಿದ.

ಅಜ್ಜಾರು ದಿನಾ ಹೊಳೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡುತ್ತಿದ್ದರು.

ಸೋಮವಾರ ಯಮನಪ್ಪ ಮಾಸ್ತರರ ಪುಣ್ಯಸ್ಮರಣೆ. ಅವತ್ತು ಮಠಕ್ಕೆ ಬಾ ಅಂತ ಕಲ್ಮೇಶ ತಾಯಿಗೆ ಫೋನು ಮಾಡಿ ಹೇಳಿಬಿಟ್ಟಿದ್ದ.

“ಏನ್ ಐತೋ ಅಲ್ಲೆ?” ಅಂತ ಆಕೆ ಕೇಳಿದ್ದಳು.

“ಬಾರವ್ವಾ, ಬಂದ ಮ್ಯಾಲೆ ಗೊತ್ತಾಗತೈತಿ,” ಅಂದಿದ್ದ.

ಗುರುವಾರ ಮಧ್ಯಾಹ್ನ ಏಳನೆಯ ಫಿಲ್ಟರ್ ಕೂಡಿತು. ಮಲ್ಟಿಮೀಟರ್ ಹಿಡಿದು ನೋಡಿದ. ಮಾಡ್ಯೂಲಿಗೆ ಬೇಕಾದದ್ದು ಮೂರು ಪಾಯಿಂಟ್ ಮೂರು ವೋಲ್ಟು. ಮೀಟರೂ ಅಷ್ಟೇ ತೋರಿಸಿತು, ಒಂದು ಎಳ್ಳಿನಷ್ಟೂ ಹೆಚ್ಚುಕಡಿಮೆ ಇಲ್ಲ. ಕಲ್ಮೇಶನ ಎದೆ ಉಬ್ಬಿತು.

ಯಂತ್ರ ಶುರು ಮಾಡಿದ.

ಯಂತ್ರಕ್ಕೊಂದು ಅಭ್ಯಾಸವಿತ್ತು. ಎದ್ದ ಕೂಡಲೇ ಯಾವ ಹಾಡು ಎಲ್ಲಿದೆ ಅನ್ನುವ ಪಟ್ಟಿಯನ್ನು ಮಾಡ್ಯೂಲಿನ ಮೇಲೆ ಹೊಸದಾಗಿ ಬರೆಯುತ್ತಿತ್ತು. ಅವತ್ತೂ ಬರೆಯಲು ಹಿಡಿಯಿತು. ಅರ್ಧ ಬರೆಯಿತು. ನಿಂತಿತು.

ಆರಿಸಿ ಹಚ್ಚಿದ. ಮತ್ತೆ ಆರಿಸಿ ಹಚ್ಚಿದ.

ಮಾಡ್ಯೂಲು ಖಾಲಿ ಇದೆ ಅಂತ ಫೋನಿನಲ್ಲಿ ಬಂತು.

ಕಲ್ಮೇಶ ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೊಳೆಯ ಮೆಟ್ಟಿಲಿಗೆ ಓಡಿದ. ಅಜ್ಜಾರು ಅಲ್ಲಿ ಧೋತರ ಹಿಂಡುತ್ತಿದ್ದರು.

“ಅಪ್ಪ ಹೋದಾ, ಅಜ್ಜಾರ,” ಅಂದ. ಅಂದವನೇ ಮೆಟ್ಟಿಲ ಮೇಲೆ ಕುಸಿದು ಅತ್ತ. ಹನ್ನೆರಡು ವರ್ಷದ ಹಿಂದೆ ಅತ್ತಿದ್ದಕ್ಕಿಂತ ಜೋರಾಗಿಯೇ ಅತ್ತ.

ಅಜ್ಜಾರು ಧೋತರ ಹರವಿ ಬಂದು ಅವನ ಪಕ್ಕ ಕೂತರು.

“ಇನ್ನೊಂದು ನಕಲು ಎಲ್ಲೈತಿ?”

“ಇಲ್ರಿ.”

“ಯಾಕಿಲ್ಲ?”

“ನಕಲು ಮಾಡಿದ್ರ ಸ್ವರ ಮಬ್ಬಾಗತೈತಂತ್ರಿ. ಕಿವಿ ಇದ್ದವರು ಹಂಗಂತಾರ. ಅದಕ್ಕ ಒಂದ ಇಟ್ಟಿದ್ನಿ.”

ಅಜ್ಜಾರು ಅವನ ಮುಖವನ್ನೇ ನೋಡಿದರು. ನಗಬೇಕೋ ಬೇಡವೋ ಅಂತ ಯೋಚಿಸಿದಂತಿತ್ತು. ನಗಲಿಲ್ಲ.

“ನೀವು ಅವತ್ತ ಸಾಕು ಅಂದಾಗ ನಿಲ್ಲಿಸಬೇಕಿತ್ರಿ ನಾ. ನನ್ನ ಸೊಕ್ಕು,” ಅಂದ ಕಲ್ಮೇಶ.

“ನಿಲ್ಲಿಸು ಅಂತ ನಾ ಯಾವಾಗ ಅಂದೆ?”

“ಸಾಕು ಅಂದ್ರೆಲ್ರಿ?”

“ಹೌದು, ಸಾಕು ಅಂದೆ. ದನಾ ಸಾಕ್ತಾರ. ಮಕ್ಕಳನ್ನ ಸಾಕ್ತಾರ. ಇದನ್ನೂ ಹಂಗ ಸಾಕು ಅಂದೆ. ಮೈ ಬೆಚ್ಚಗಿತ್ತಲ್ಲ, ದುಡಿಯೋ ಜೀವ ಅದು.”

ಕಲ್ಮೇಶ ಡಬ್ಬಿಯನ್ನು ಅವರ ಮುಂದೆ ಹಿಡಿದ.

“ಸಾಕೀನಲ್ರಿ ಅಜ್ಜಾರ. ಏಳು ಸಲ ಸೋಸಿ ಕೊಟ್ಟೀನಿ. ಅಷ್ಟು ಶುದ್ಧ ಕರೆಂಟು ನಮ್ಮ ಗಿರಣಿಯಾಗ ಹುಡುಕಿದ್ರೂ ಸಿಗೂದಿಲ್ಲ. ವೋಲ್ಟೇಜು ನೋಡೀನಿ, ಸರಿ ಐತಿ.”

“ಬಾ,” ಅಂದರು ಅಜ್ಜಾರು.

ಮಠದ ಪಡಸಾಲೆಯಲ್ಲಿ ಭಜನೆಯ ಹಾರ್ಮೋನಿಯಂ ಇತ್ತು. ಅಜ್ಜಾರು ಅದನ್ನು ಎಳೆದು ಅವನ ಮುಂದಿಟ್ಟರು.

“ಹೊಳೀ ಗಾಳಿಯಾಗ ಭಾಳ ಮಣ್ಣು. ಪೆಟ್ಟಿಗಿ ಒಳಗ ಹೋಗಿ ಸ್ವರ ಕೆಡತಾವ. ಗಾಳಿ ಸೋಸೂಣು,” ಅಂದರು.

ಒಂದು ದಪ್ಪ ಪಂಚೆಯನ್ನು ಏಳು ಮಡಿಕೆ ಮಾಡಿದರು. ತಿದಿಯ ಹಿಂದೆ ಗಾಳಿ ಹೋಗುವ ತೂತುಗಳ ಮೇಲೆ ಅದನ್ನಿಟ್ಟು ಬಿಗಿಯಾಗಿ ಕಟ್ಟಿದರು.

“ಒಂದು ಸ್ವರ ಹಿಡಿ.”

ಕಲ್ಮೇಶ ಎಡಗೈಯಲ್ಲಿ ತಿದಿ ಒತ್ತಿ ಷಡ್ಜ ಹಿಡಿದ. ಬಂತು. ಸಣ್ಣಗೆ, ಚೊಕ್ಕವಾಗಿ ಬಂತು.

“ಹ್ಯಾಂಗೈತಿ?”

“ಚಲೋ ಐತ್ರಿ.”

“ಇದು ನಿನ್ನ ಮೀಟರು. ಈಗ ನಿಮ್ಮಪ್ಪ ಬಾರಿಸಿದಂಗ ಬಾರಿಸು.”

ಕಲ್ಮೇಶನಿಗೆ ತಂದೆಯ ಕೈ ಬಂದಿರಲಿಲ್ಲ. ಆದರೂ ಮಾಸ್ತರರು ನಾಟಕದ ಶುರುವಿಗೆ ಮೂರು ಸ್ವರ ಒಟ್ಟಿಗೆ ಹಿಡಿದು ಒಮ್ಮೆಲೇ ಎತ್ತುತ್ತಿದ್ದ ರೀತಿ ನೆನಪಿತ್ತು. ಹಾಗೇ ಹಿಡಿದ.

ಪೆಟ್ಟಿಗೆ ಒಂದು ಸಲ ನರಳಿತು. ಸುಮ್ಮನಾಯಿತು.

ಮತ್ತೆ ಜೋರಾಗಿ ಒತ್ತಿದ. ತಿದಿ ತುಂಬಲೇ ಇಲ್ಲ. ಮೂರು ಸ್ವರಗಳೂ ಬಾಯಾರಿದ ಹಕ್ಕಿಯಂತೆ ಬಾಯಿ ತೆರೆದವು, ದನಿ ಹೊರಡಲಿಲ್ಲ.

ಕಲ್ಮೇಶ ತಿದಿಯಿಂದ ಕೈ ತೆಗೆದ. ಪಂಚೆಯ ಏಳು ಮಡಿಕೆಯನ್ನು ನೋಡಿದ. ಆಮೇಲೆ ತನ್ನ ಏಳು ಫಿಲ್ಟರುಗಳನ್ನು ನೋಡಿದ. ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ನೋಡಿದ.

“ಸುಮ್ಮನ ಕೂತಾಗ ಅಳತಿ ಮಾಡೀನ್ರಿ ನಾ,” ಅಂದ ಮೆಲ್ಲಗೆ. “ಬರೆಯೋವಾಗ ಮಾಡಲಿಲ್ಲ.”

“ಹೂಂ.”

“ಬರೆಯೋವಾಗ ಅದಕ್ಕ ಒಮ್ಮಿಂದೊಮ್ಮೆಲೆ ಒಂದು ಗುಟುಕು ಹೆಚ್ಚಿಗಿ ಬೇಕಾಗಿತ್ರಿ. ನಾ ಬಿಡಲಿಲ್ಲ.”

“ಹೂಂ.”

“ಪಟ್ಟಿ ಬರಕೋತ ಬರಕೋತ ಹಸದು ಎಚ್ಚರ ತಪ್ಪೇತಿ.”

ಅಜ್ಜಾರು ಪಂಚೆಯ ಗಂಟು ಬಿಚ್ಚಿದರು. ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

“ಎಚ್ಚರ ತಪ್ಪಿದ್ದು ಸತ್ತಂಗಲ್ಲ,” ಅಂದರು. “ಪಟ್ಟಿ ಹಾಳಾಗೇತಿ. ಹಾಡು ಒಳಗ ಇರಬಹುದು. ನೋಡೂಣು. ಅಲ್ಲೀತನ ಅದರ ಮ್ಯಾಲೆ ಒಂದಕ್ಷರ ಬರೀಬ್ಯಾಡ.”

ಮರುದಿನ ಬೆಳಿಗ್ಗೆ ಅಜ್ಜಾರೇ ಕೆಲಸಕ್ಕೆ ಕೂತರು. ಏಳೂ ಫಿಲ್ಟರುಗಳನ್ನು ಕಿತ್ತು ಪಕ್ಕಕ್ಕಿಟ್ಟರು. ಬೆರಳುದ್ದದ ಒಂದು ದಪ್ಪ ತಂತಿ ಕತ್ತರಿಸಿಕೊಂಡರು. ಮಾಡ್ಯೂಲಿನ ಮಗ್ಗುಲಲ್ಲೇ ಒಂದು ಕೆಪಾಸಿಟರ್ ಕೂಡಿಸಿದರು, ಬೇಕೆಂದಾಗ ಒಂದು ಗುಟುಕು ಕೈಗೆಟುಕುವ ಹಾಗೆ. ತಂತಿಯ ಇನ್ನೊಂದು ತುದಿಯನ್ನು ಪ್ರೊಸೆಸರಿಗೂ ಫ್ಯಾನಿಗೂ ಕೊಡುವ ಸಪ್ಲೈಗೇ ಬೆಸೆಯಲು ಹೋದರು.

ಕಲ್ಮೇಶ ತಡೆಯಲಾರದೆ ಕೈ ಅಡ್ಡ ಹಿಡಿದ.

“ಅಜ್ಜಾರ, ಅದು ಫ್ಯಾನಿನ ಸಾಲಿನಾಗ ಕೂತಂಗಾಗತೈತ್ರಿ!”

“ನಮ್ಮ ಮಠದಾಗ ಪಂಕ್ತಿಭೇದ ಇಲ್ಲೋ ತಮ್ಮಾ,” ಅಂದರು ಅಜ್ಜಾರು. ಬೆಸೆದೇ ಬಿಟ್ಟರು.

ಆಮೇಲೆ ತಮ್ಮ ಹಳೇ ಕಂಪ್ಯೂಟರಿಗೆ ಮಾಡ್ಯೂಲನ್ನು ಜೋಡಿಸಿ ಹೇಳಿದರು, “ಹಾಡು ಹುಡುಕೋದು ಆಮ್ಯಾಲೆ. ಇದರಾಗ ಏನೇನೈತಿ, ಕಸಾ ಕಡ್ಡಿ ಎಲ್ಲಾ, ಮೊದಲ ನಕಲು ಆಗಲಿ.”

ಕಲ್ಮೇಶ ಮಿಸುಕಾಡಿದ. ಅಪ್ಪ ಹೋದ ಮೇಲೂ ಅವನ ನಂಬಿಕೆ ಹೋಗಿರಲಿಲ್ಲ.

“ನಕಲು ಮಾಡಿದ್ರ...”

“ನಿಮ್ಮಪ್ಪಗ ಪೆಟ್ಟಿಗಿ ಕಲಿಸಿದವರು ಯಾರು?”

“ಕಂಪನಿಯ ಹಿರೇ ಮಾಸ್ತರರು ಕಲಿಸಿದ್ರಂತ್ರಿ.”

“ಅವರಿಗೆ?”

“ಅವರ ಗುರುಗಳು.”

“ಅವರಿಗೆ?”

“ಅವರಿಗೂ ಯಾರಾರ ಕಲಿಸಿರಬೇಕಲ್ರಿ.”

“ಮತ್ತ ನೀ ಎಷ್ಟನೇ ನಕಲು ಹಿಡಕೊಂಡು ಅಳಾಕ ಹತ್ತೀಯೋ?”

ಕಲ್ಮೇಶ ತಲೆ ಕೆಳಗೆ ಹಾಕಿದ. ಆಮೇಲೆ ತಾನೇ ಕೈ ಮುಂದೆ ಮಾಡಿ ನಕಲಿಗೆ ಹಚ್ಚಿದ.

ಮಾಡ್ಯೂಲು ನಿಧಾನವಾಗಿ ಓದಿಸಿಕೊಂಡಿತು. ಎರಡು ದಿನ ಹಿಡಿಯಿತು. ಕಲ್ಮೇಶ ಅದರ ಮುಂದಿನಿಂದ ಏಳಲಿಲ್ಲ. ಯಾರೋ ರೊಟ್ಟಿ ತಂದಿಟ್ಟರೆ ತಿಂದ, ಇಲ್ಲದಿದ್ದರೆ ಇಲ್ಲ. ದೇವರ ಮುಂದೆ ಕೂತಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಸಿದ್ಧಿಯಾಗುತ್ತಿತ್ತೇನೋ.

ಭಾನುವಾರ ಮಧ್ಯಾಹ್ನ ಹಾಡು ಸಿಕ್ಕಿತು.

ಇಡೀ ಸಿಗಲಿಲ್ಲ. ಹನ್ನೊಂದನೆಯ ನಿಮಿಷದಲ್ಲಿ ಒಂಬತ್ತು ಸೆಕೆಂಡು ಹೋಗಿತ್ತು. ಮಾಸ್ತರರು ಭೀಮಪಲಾಸ ರಾಗದಲ್ಲಿ ಮೇಲೆ ಹೋಗಿ ತಿರುಗಿ ಕೆಳಗಿಳಿಯುವ ಜಾಗ ಅದು. ಅವರು ಮೇಲೆ ಹೋಗುತ್ತಿದ್ದರು, ಆಮೇಲೆ ಏನೂ ಇಲ್ಲ, ಆಮೇಲೆ ಕೆಳಗಿದ್ದರು.

ಎಷ್ಟು ತಿಣುಕಿದರೂ ಆ ಒಂಬತ್ತು ಸೆಕೆಂಡು ಬರಲಿಲ್ಲ.

“ಉಳಿದದ್ದು ಬಂತಲ್ಲ,” ಅಂದರು ಅಜ್ಜಾರು.

“ಅದ ಜೀವದ ಜಾಗ ಇತ್ರಿ,” ಅಂದ ಕಲ್ಮೇಶ. “ನಾನ ಕೊಂದೆ.”

ಅಜ್ಜಾರು ಸಿಕ್ಕಷ್ಟನ್ನು ಡಬ್ಬಿಗೆ ತಿರುಗಿ ಇಳಿಸಿದರು.

ಸೋಮವಾರ ಹನ್ನೊಂದರ ಹೊತ್ತಿಗೆ ಬಾಳವ್ವ ಬಂದಳು. ಎಪ್ಪತ್ತೆಂಟು ವರ್ಷದ ಸಣ್ಣ ಜೀವ. ಎರಡು ಬಸ್ಸು ಬದಲಿಸಿ, ರಸ್ತೆಗಳು ಸೇರುವ ಕೂಟಿನಿಂದ ಮಠದವರೆಗೆ ನಡೆದೇ ಬಂದಿದ್ದಳು.

“ಕೈಕಾಲು ತೊಳಕೋತೀನೋ,” ಅಂದಳು.

“ಆಮ್ಯಾಲೆ ಯವ್ವಾ, ಮೊದಲ ಇಲ್ಲಿ ಬಾ. ಇಲ್ಲಿ ಕೂಡು. ಅಲ್ಲಲ್ಲ, ಇಲ್ಲಿ. ಎರಡೂ ಸ್ಪೀಕರಿನ ನಟ್ಟನಡುವ.”

ಕಲ್ಮೇಶ ತಾಯಿಯ ತಲೆಯಿಂದ ಸ್ಪೀಕರಿಗೆ ದಾರ ಹಿಡಿದು ಅಳೆದ. ಬಲಗಡೆಯದನ್ನು ಎರಡು ಬೆರಳು ಹಿಂದೆ ಸರಿಸಿದ. ಆಕೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಮಗ ಹೇಳಿದಲ್ಲಿ ಹೇಳಿದಂತೆ ಕೂತಳು.

“ನಡುವ ಒಂದ ಕಡೆ ಖಾಲಿ ಬರತೈತಿ, ಯವ್ವಾ. ತಪ್ಪು ನಂದು,” ಅಂದ. ಫೋನು ಒತ್ತಿದ.

ಮೊದಲು ಜನರ ಗದ್ದಲ ಬಂತು. ಯಾರೋ ಕೆಮ್ಮಿದರು. ಆಮೇಲೆ ಮೂರು ಸ್ವರ ಒಟ್ಟಿಗೆ ಎದ್ದವು.

ಬಾಳವ್ವ ಸೆರಗು ಕೈಬಿಟ್ಟಳು.

ಆಕೆ ಅಳಲಿಲ್ಲ. ಮಗ ಎಣಿಸಿದಂತೆ ‘ಎದುರಿಗೆ ಕೂತಾರ’ ಅನ್ನಲೂ ಇಲ್ಲ. ಗೋಡೆಗೆ ಒರಗಿದಳು, ಕಣ್ಣು ಮುಚ್ಚಿದಳು, ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕತೊಡಗಿದಳು.

ಕಲ್ಮೇಶ ಆಕೆಯನ್ನು ನೋಡಲಿಲ್ಲ. ಫೋನಿನಲ್ಲಿ ನಿಮಿಷ ನೋಡುತ್ತಿದ್ದ. ಎಂಟು. ಒಂಬತ್ತು. ಹತ್ತು.

ಮಾಸ್ತರರು ಮೇಲೇರಿದರು. ಇನ್ನೂ ಮೇಲೇರಿದರು. ನಿಂತು ಹೋದರು.

ಕಲ್ಮೇಶ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಆದರೆ ಪಡಸಾಲೆ ಖಾಲಿಯಾಗಲಿಲ್ಲ. ಸಣ್ಣ ದನಿಯೊಂದು ಮಾಸ್ತರರು ಬಿಟ್ಟ ಸ್ವರವನ್ನು ಹಿಡಿದು ಇನ್ನೊಂದು ಮೆಟ್ಟಿಲು ಮೇಲೆ ಹೋಯಿತು. ಅಲ್ಲಿ ಒಂದು ಕ್ಷಣ ತೂಗಿತು. ಹೊರಳಿ, ಜಾರಿ, ಕೆಳಗೆ ಇಳಿಯಿತು.

ಬಾಳವ್ವ ಗುನುಗುತ್ತಿದ್ದಳು. ತೊಡೆಯ ಮೇಲಿನ ತಾಳ ತಪ್ಪಿರಲಿಲ್ಲ. ಆಕೆ ಕೆಳಗೆ ಬಂದು ಮುಟ್ಟುವ ಹೊತ್ತಿಗೆ ಪೆಟ್ಟಿಗೆಯೂ ಅಲ್ಲೇ ಬಂದು ಸೇರಿತು. ಆಕೆ ಸುಮ್ಮನಾದಳು. ಮಾಸ್ತರರು ಮುಂದುವರಿಸಿದರು.

ಕಲ್ಮೇಶ ಕಣ್ಣು ಬಿಟ್ಟವನು ತಾಯಿಯನ್ನೇ ನೋಡುತ್ತ ಉಳಿದ. ಉಳಿದ ಹನ್ನೊಂದು ನಿಮಿಷದಲ್ಲಿ ಅವನು ಹಾರ್ಮೋನಿಯಂ ಕೇಳಿದನೋ ಇಲ್ಲವೋ ಗೊತ್ತಿಲ್ಲ.

ಹಾಡು ಮುಗಿಯಿತು. ಬಾಳವ್ವ ನಿಧಾನವಾಗಿ ಕಣ್ಣು ತೆರೆದಳು.

“ಚಲೋ ಬಾರಿಸ್ಯಾರ ಅವತ್ತ,” ಅಂದಳು. “ಎಲ್ಲೋ ಖಾಲಿ ಬರತೈತಿ ಅಂದಿ?”

“ಬಂತಲ್ಲ ಯವ್ವಾ... ನೀ ಹಾಡಿದಿ. ಅಲ್ಲೆ.”

“ನಾನ? ನಾ ಎಲ್ಲಿ ಹಾಡಿದೆ?”

“ಹಾಡಿದಿ. ನಿನಗ ಇದು ಬರ್ತಿತ್ತೇನು?”

“ನಲವತ್ತು ವರ್ಷ ಗ್ವಾಡಿ ಈಚೆ ಕಡೆ ರೊಟ್ಟಿ ಬಡಕೋತ ಕೇಳೀನಪ್ಪಾ. ಬರದ ಏನ್ ಮಾಡತೈತಿ?”

“ಒಮ್ಮೀನೂ ಹೇಳಲಿಲ್ಲ?”

“ಯಾರು ಕೇಳಿದ್ರು?” ಅಂದಳು ಬಾಳವ್ವ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವ ಹಾಗೆ.

ಕಲ್ಮೇಶ ಎರಡೂ ಕೈಯಿಂದ ಮುಖ ಒರೆಸಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಚಂಗನೆ ಎದ್ದು ನಿಂತ.

“ಯವ್ವಾ, ಏಳಬ್ಯಾಡ. ಹಂಗ ಕೂತಿರು. ಮೈಕು ತರ್ತೀನಿ. ಅದಷ್ಟ ಇನ್ನೊಮ್ಮೆ ಹಾಡು, ಒಂಬತ್ತು ಸೆಕೆಂಡು. ಅಲ್ಲಲ್ಲ, ಎಲ್ಲಾ ಹಾಡು, ನಿನಗ ಎಷ್ಟು ಬರತೈತಿ ಅಷ್ಟೂ ಹಾಡು. ವೈರ್ ಎಲ್ಲಿ ಇಟ್ಟೆ... ಅಜ್ಜಾರ, ನಿಮ್ಮ ದಪ್ಪ ವೈರ್ ಎಲ್ಲೈತ್ರಿ?”

ಅವನು ಡಬ್ಬಿ ಸರಿಸಿದ, ಚೀಲ ಬೋರಲು ಹಾಕಿದ, ಫಿಲ್ಟರುಗಳ ರಾಶಿಯಲ್ಲಿ ಕೈಯಾಡಿಸಿದ. ಬಾಳವ್ವ ಸ್ಪೀಕರುಗಳ ನಟ್ಟನಡುವೆ ಅವನು ಕೂರಿಸಿದಲ್ಲೇ ಕೂತಿದ್ದಳು. ತುಟಿ ಒಣಗಿತ್ತು.

ಅಜ್ಜಾರು ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ತಂಬಿಗೆ ಇತ್ತು.

“ಕಲ್ಮೇಶ,” ಅಂದರು. “ನಿಮ್ಮವ್ವ ಮುಂಜಾನೆ ಐದರ ಬಸ್ಸಿಗೆ ಹೊಂಟು ಬಂದಾರ. ಮೊದಲ ಊಟಕ್ಕ ಕೂಡಸು.”